ಕಂಪ್ಯೂಟರ್ ಅಂತರ್ಜಾಲ ಓದಿ ತಾನೇ ವಿಷಯ ಕಲಿಯುತ್ತಂತೆ, ನಿಜವಾ? ಸುಳ್ಳನ್ನೂ ಕಲಿತುಬಿಟ್ಟರೆ?

ಕಲಿಯುತ್ತದೆ. ಸುಳ್ಳನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯುತ್ತದೆ. ನಾನು ಹಾಸನದಲ್ಲಿ ಕಾಲೇಜು ಹುಡುಗರಿಗೆ ಇದನ್ನೇ ಪಾಠ ಮಾಡುವವನು, ಹಾಗಾಗಿ ನಮ್ಮ ಕಡೆಯ ಉದಾಹರಣೆಯಲ್ಲೇ ಹೇಳುತ್ತೇನೆ.

ಮೊದಲು ನಾವು ನಾಲ್ಕು ನದಿಗಳ ಹೆಸರು ಕೊಡುತ್ತೇವೆ ಅಂತಿಟ್ಟುಕೊಳ್ಳಿ: ತುಂಗಾ, ಭದ್ರಾ, ಕಾವೇರಿ, ಹೇಮಾವತಿ. ಕಂಪ್ಯೂಟರ್ ಲಕ್ಷಾಂತರ ಪುಟ ತಿರುವಿ ಈ ಹೆಸರುಗಳ ಅಕ್ಕಪಕ್ಕ ಏನು ಬರುತ್ತದೆ ಅಂತ ನೋಡುತ್ತದೆ. ‘ಮುಂತಾದ ನದಿಗಳು’, ‘ತುಂಬಿ ಹರಿಯುತ್ತಿದೆ’, ‘ಅಡ್ಡಲಾಗಿ ಕಟ್ಟಿದ ಅಣೆಕಟ್ಟು’ ಇಂಥವು ಸಿಗುತ್ತವೆ. ಆಮೇಲೆ ಅದೇ ಮಾತುಗಳ ಪಕ್ಕ ಬೇರೆ ಯಾವ ಹೆಸರಿದೆ ಅಂತ ಹುಡುಕಿದರೆ ಯಗಚಿ ಸಿಗುತ್ತದೆ. ಅದನ್ನೂ ಪಟ್ಟಿಗೆ ಹಾಕಿಕೊಂಡು ಇನ್ನೊಂದು ಸುತ್ತು. ಉಪಾಯ ಇಷ್ಟೇ. ಹೊಸದೂ ಅಲ್ಲ, 1998ರಲ್ಲೇ ಸೆರ್ಗೆ ಬ್ರಿನ್ (ಗೂಗಲ್ ಕಟ್ಟಿದವರಲ್ಲಿ ಒಬ್ಬರು) ಬರೀ ಐದು ಪುಸ್ತಕ ಮತ್ತು ಲೇಖಕರ ಜೋಡಿಯಿಂದ ಶುರುಮಾಡಿ ಸಾವಿರಾರು ಜೋಡಿ ಹೆಕ್ಕಿದ್ದರು. ಕನ್ನಡದಲ್ಲಿ ಸ್ವಲ್ಪ ಕಷ್ಟ ಜಾಸ್ತಿ. ಹೇಮಾವತಿಗೆ, ಹೇಮಾವತಿಯ, ಹೇಮಾವತಿಯಿಂದ ಎಲ್ಲ ಒಂದೇ ಅಂತ ಮೊದಲು ಗೊತ್ತಾಗಬೇಕಲ್ಲ.

ಈಗ ತಮಾಷೆ ನೋಡಿ. ಹೇಮಾವತಿ ಹೆಣ್ಣುಮಕ್ಕಳ ಹೆಸರೂ ಹೌದಲ್ವಾ? ಎಲ್ಲೋ ‘ಹೇಮಾವತಿ ಪದವಿ ಮುಗಿಸಿದರು’ ಅಂತ ಇದ್ದರೆ, ಪದವಿ ಮುಗಿಸುವುದೂ ನದಿಯ ಗುಣ ಅಂತ ಅದು ಬರೆದುಕೊಳ್ಳುತ್ತದೆ. ಮುಂದಿನ ಸುತ್ತಿಗೆ ಸರೋಜಮ್ಮ ನದಿ, ಅದರ ಮುಂದಿನ ಸುತ್ತಿಗೆ ಮಂಜೇಗೌಡರೂ ನದಿ! ಉತ್ಪ್ರೇಕ್ಷೆ ಅಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಅವರ ತಂಡ 2010ರ ಜನವರಿಯಲ್ಲಿ ‘ನೆಲ್’ ಅನ್ನುವ ವ್ಯವಸ್ಥೆ ಶುರುಮಾಡಿತು, ಹಗಲೂ ರಾತ್ರಿ ಅಂತರ್ಜಾಲ ಓದುವುದೇ ಅದರ ಕೆಲಸವಾಗಿತ್ತು. ಅದು ಇಂಟರ್ನೆಟ್ ಕುಕೀಗಳನ್ನು (ವೆಬ್‌ಸೈಟುಗಳು ನಮ್ಮ ಕಂಪ್ಯೂಟರಿನಲ್ಲಿ ಇಟ್ಟುಹೋಗುವ ಪುಟ್ಟ ಮಾಹಿತಿ ತುಣುಕುಗಳು; ಕುಕೀ ಅಂದರೆ ಬಿಸ್ಕತ್ತೂ ಹೌದಲ್ಲ) ಬೇಕರಿ ತಿಂಡಿ ಅಂತ ತಿಳಿಯಿತು. ಜನ ಕುಕೀ ಡಿಲೀಟ್ ಮಾಡುತ್ತಾರೆ, ಫೈಲನ್ನೂ ಡಿಲೀಟ್ ಮಾಡುತ್ತಾರೆ, ಸರಿ, ಫೈಲ್ ಕೂಡ ಬೇಕರಿ ತಿಂಡಿ ಆಯಿತು. ಕೊನೆಗೆ ಮನುಷ್ಯರೇ ಆಗಾಗ ಕೂತು ಇಂಥವನ್ನು ತಿದ್ದಬೇಕಾಯಿತು.

ಇದಕ್ಕೆ ಒಂದು ಒಳ್ಳೆಯ ಮದ್ದು, ನದಿಯೊಂದನ್ನೇ ಕಲಿಸದೆ ಮನುಷ್ಯರು, ಊರುಗಳು, ಅಣೆಕಟ್ಟುಗಳು ಎಲ್ಲವನ್ನೂ ಒಟ್ಟಿಗೆ ಕಲಿಸುವುದು. ಆಗ ‘ಪದವಿ ಮುಗಿಸಿದರು’ ಅನ್ನುವುದು ಮನುಷ್ಯರ ಹೆಸರಿನ ಜೊತೆಗೇ ಹೆಚ್ಚು ಬರುತ್ತದೆ ಅಂತ ಗೊತ್ತಾಗಿ, ನದಿಯ ಲೆಕ್ಕದಿಂದ ಅದು ಬಿದ್ದುಹೋಗುತ್ತದೆ. ನೆಲ್ ಮಾಡಿದ್ದೂ ಇದನ್ನೇ.

ಆದರೆ ನೀವು ಕೇಳಿದ ಸುಳ್ಳಿನ ವಿಷಯಕ್ಕೆ ಈ ಮದ್ದು ಸಾಲದು. ಬೇಲೂರು ಹಾಸನ ಜಿಲ್ಲೆಯದು. ಚಿಕ್ಕಮಗಳೂರು ಪೇಟೆಗೆ ಹತ್ತಿರ ಅಂತ ಪ್ರವಾಸದ ಪುಟದವರು ಅದನ್ನು ಚಿಕ್ಕಮಗಳೂರಿನ ಪಟ್ಟಿಗೆ ಸೇರಿಸುತ್ತಾರೆ, ಉಳಿದವರು ಸುಮ್ನೆ ನಕಲು ಹೊಡೆಯುತ್ತಾರೆ. ಬೇಲೂರು ಊರು ಹೌದು, ಚಿಕ್ಕಮಗಳೂರು ಜಿಲ್ಲೆ ಹೌದು, ಹಾಗಾಗಿ ಯಾವ ಹೆಸರು ಯಾವ ಬಗೆಯದು ಅಂತ ನೋಡುವ ಆ ಮದ್ದಿಗೆ ಇದು ಸಿಕ್ಕಿಬೀಳುವುದಿಲ್ಲ. ನೂರು ಪುಟ ಹೇಳಿದರೆ ನೂರು ಸಾಕ್ಷಿ ಅಂತ ಕಂಪ್ಯೂಟರ್ ಎಣಿಸುತ್ತದೆ. ನಿಜಕ್ಕೂ ಇರುವುದು ಒಂದೇ ಸಾಕ್ಷಿ, ಉಳಿದದ್ದು ನಕಲು. ನನ್ನನ್ನು ಕೇಳಿದರೆ ಈ ಕ್ಷೇತ್ರದ ಕಷ್ಟದ ಕೆಲಸ ಓದಿಸುವುದಲ್ಲ, ಯಾರು ಯಾರನ್ನು ನೋಡಿ ಬರೆದರು ಅಂತ ಪತ್ತೆಹಚ್ಚಿ, ಆ ನೂರನ್ನು ಒಂದಾಗಿ ಎಣಿಸುವಂತೆ ಮಾಡುವುದು.