ಹಳೇ ಫೋಲ್ಡರು, ಹೊಸ ಬೀಗ

ಪ್ರಶ್ನೆ: ನಮ್ಮ ಅಕ್ಕಿ ಗಿರಣಿಯ ವಿಂಡೋಸ್ ಸರ್ವರ್‌ನಲ್ಲಿ ವರ್ಷಗಟ್ಟಲೆಯ ಕಡತಗಳಿವೆ. ಯಾರಿಗೆ ಯಾವುದು ಕಾಣಬೇಕೆಂಬ ವ್ಯವಸ್ಥೆ ತರುವ ಮುನ್ನ ಏನು ಮಾಡಬೇಕು?
– ಓದುಗರು, ಗಂಗಾವತಿ

ಉತ್ತರ: ಮೊದಲು ‘ಐಕ್ಯಾಕಲ್ಸ್’ (icacls) ಕಮಾಂಡಿನಿಂದ ಈಗಿನ ಅನುಮತಿಗಳನ್ನು ಒಂದು ಫೈಲಿಗೆ ಸೇವ್ ಮಾಡಿಕೊಳ್ಳಿ, ಎಡವಟ್ಟಾದರೆ ಅದೇ ಆಸರೆ. ಅನುಮತಿ ಪಟ್ಟಿಯಲ್ಲಿ ಹೆಸರಿನ ಬದಲು ‘ಎಸ್-1-5-21’ ಎಂದು ಶುರುವಾಗುವ ಅಂಕಿಗಳಿದ್ದರೆ ಸಾಮಾನ್ಯವಾಗಿ ಅವು ಅಳಿಸಿಹೋದ ಖಾತೆಗಳು. ಡೊಮೈನ್ (ಕಚೇರಿಯ ಖಾತೆಗಳನ್ನು ಒಂದೆಡೆ ನೋಡಿಕೊಳ್ಳುವ ಜಾಲ) ಸಂಪರ್ಕ ತಪ್ಪಿದ್ದರೂ ಹೀಗೆ ಕಾಣಬಹುದು, ಅದು ಸರಿಯಿದೆಯೇ ನೋಡಿಕೊಂಡೇ ತೆಗೆಯಿರಿ. ಖರೀದಿ, ಲೆಕ್ಕ, ಸಂಬಳ ಹೀಗೆ ಕೆಲಸಕ್ಕೊಂದು ಗುಂಪು ಮಾಡಿ, ಅನುಮತಿ ಗುಂಪಿಗೇ ಕೊಡಿ. ‘ಎವ್ರಿವನ್’ (ಎಲ್ಲರಿಗೂ ಕೊಟ್ಟ ಅನುಮತಿ) ತೆಗೆಯುವುದು ಆಮೇಲೆ. ಗುಂಪುಗಳಿಗೆ ‘ಮಾಡಿಫೈ’ (ಕಡತ ಓದುವ, ತಿದ್ದುವ, ಅಳಿಸುವ ಅನುಮತಿ) ಸಾಕು, ‘ಫುಲ್ ಕಂಟ್ರೋಲ್’ ಇದ್ದವರು ಅನುಮತಿಗಳನ್ನೇ ತಿದ್ದಬಲ್ಲರು.

ಅದೇ ಡ್ರೈವಿನೊಳಗೆ ಫೈಲು ಮೂವ್ ಮಾಡಿದರೆ ಅದಕ್ಕೇ ನೇರವಾಗಿ ಕೊಟ್ಟ ಹಳೇ ಅನುಮತಿ ಜೊತೆಗೇ ಬರುತ್ತದೆ; ಕಾಪಿ ಮಾಡಿದರೆ ಹೊಸ ಫೋಲ್ಡರಿನದು ಅನ್ವಯಿಸುತ್ತದೆ. ಸಂಬಳದ ಹಾಳೆ ಯಾರ್ಯಾರಿಗೋ ಕಾಣಿಸುವುದು ಬಹಳ ಸಲ ಹೀಗೇ.