ಕನ್ನಡದಲ್ಲಿ ‘ವಿಚ್’, ‘ಜೋ’ ಎಲ್ಲಿವೆ?

ಹಿಂದಿಯಲ್ಲಿ ‘ಜೋ’ ಇದೆ, ಇಂಗ್ಲಿಷಿನಲ್ಲಿ ‘ಹೂ’, ‘ವಿಚ್’ ಇವೆ, ಕನ್ನಡದಲ್ಲಿ ಅಂಥ ಪದ ಯಾಕಿಲ್ಲ, ಇದು ಕೊರತೆಯಲ್ಲವೇ ಎಂದು ಕೇಳಿದ್ದೀರಿ. ಕೊರತೆ ಖಂಡಿತ ಅಲ್ಲ. ಒಂದು ನಾಮಪದಕ್ಕೆ ಅದನ್ನು ವರ್ಣಿಸುವ ವಾಕ್ಯವನ್ನು ಕೊಂಡಿ ಹಾಕುವುದು ಆ ಪದಗಳ ಕೆಲಸ. ಅದನ್ನು ನಮ್ಮಲ್ಲಿ ಕ್ರಿಯಾಪದವೇ ಮಾಡಿಬಿಡುತ್ತದೆ.

ನಾನು ತೀರ್ಥಹಳ್ಳಿ ಕಡೆಯವನು, ಹೈಸ್ಕೂಲಿನಲ್ಲಿ ಭಾಷೆ ಕಲಿಸುತ್ತೇನೆ. ಕೊಯ್ಲಿನ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಕೇಳುವ ಮಾತನ್ನೇ ತಗೊಳ್ಳಿ: ಅಡಿಕೆ ಸುಲಿದ ಹೆಂಗಸರು, ಅಡಿಕೆ ಸುಲಿದ ಕತ್ತಿ, ಅಡಿಕೆ ಸುಲಿದ ಅಂಗಳ, ಅಡಿಕೆ ಸುಲಿದ ರಾತ್ರಿ, ಅಡಿಕೆ ಸುಲಿದ ಕೂಲಿ. ‘ಸುಲಿದ’ ಎಲ್ಲೂ ಬದಲಾಗಲಿಲ್ಲ. ಆದರೂ ಸುಲಿದವರು ಹೆಂಗಸರು, ಸುಲಿದದ್ದು ಕತ್ತಿಯಿಂದ, ಅಂಗಳದಲ್ಲಿ ಎಂದು ಕೇಳಿದವರಿಗೆ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಾದರೆ ಹೂ, ವಿತ್ ವಿಚ್, ವೇರ್, ವೆನ್ ಎಂದು ಒಂದೊಂದಕ್ಕೂ ಕೊಂಡಿ ಬೇರೆ. ಕೂಲಿಗಂತೂ ಆ ಕೊಂಡಿಗಳು ಸಲೀಸಾಗಿ ಕೂರುವುದಿಲ್ಲ, ಮಾತನ್ನೇ ತಿರುಗಿಸಿ ಹೇಳುವುದು ಹೆಚ್ಚು. ನಮ್ಮ ಶಾಲಾ ವ್ಯಾಕರಣ ‘ಸುಲಿದ’ ಎಂಬಂಥ ರೂಪಗಳನ್ನು ಕೃದಂತನಾಮ ಎಂದು ಕರೆದು ಮಾಡಿದ, ಮಾಡುವ, ಮಾಡದ ಎಂದು ಬಾಯಿಪಾಠ ಮಾಡಿಸಿ ಮುಂದೆ ಹೋಗುತ್ತದೆ. ಇದರ ಸೊಗಸನ್ನು ತೋರಿಸುವುದೇ ಇಲ್ಲ ಎನ್ನುವುದು ನನ್ನ ಬೇಸರ.

ಅರ್ಥವಾಗುವುದು ಹೇಗೆ? ‘ನನಗೆ ದುಡ್ಡು ಕೊಟ್ಟ ಹುಡುಗ’, ‘ನಾನು ದುಡ್ಡು ಕೊಟ್ಟ ಹುಡುಗ’. ಕೊಡುವುದೆಂದರೆ ಕೊಟ್ಟವರು, ಕೊಟ್ಟದ್ದು, ಪಡೆದವರು ಹೀಗೆ ಮೂರು ಜಾಗ. ಎರಡು ತುಂಬಿವೆ, ಉಳಿದ ಖಾಲಿ ಜಾಗದಲ್ಲಿ ಹುಡುಗ ಕೂರುತ್ತಾನೆ.

ಕೆಲವೊಮ್ಮೆ ಇಷ್ಟೂ ಸಾಲದು. ‘ಅಡಿಕೆ ಮಾರಿದ ಮಂಡಿ’ ಎಂದರೆ ಮಂಡಿಯೇ ಮಾರಿತೋ, ನಾವು ಮಂಡಿಯಲ್ಲಿ ಮಾರಿದೆವೋ? ಶಿವಮೊಗ್ಗದವರಿಗೆ ಸಂದರ್ಭವೇ ಹೇಳುತ್ತದೆ. ಟರ್ಕಿಶ್ ಭಾಷೆ ಇವೆರಡಕ್ಕೂ ಕ್ರಿಯಾಪದದ ರೂಪವನ್ನೇ ಬೇರೆ ಮಾಡುತ್ತದೆ. ಜಪಾನಿ ಮಾತ್ರ ನಮ್ಮ ಹಾಗೆ, ಕೊಂಡಿಯಿಲ್ಲದೆ ಕ್ರಿಯಾಪದವನ್ನು ನಾಮಪದಕ್ಕಿಂತ ಮೊದಲು ತಂದಿಡುತ್ತದೆ.

ಎಡ್ವರ್ಡ್ ಕೀನನ್, ಬರ್ನಾರ್ಡ್ ಕಾಮ್ರಿ ಎಂಬ ಭಾಷಾವಿಜ್ಞಾನಿಗಳು 1977ರಲ್ಲಿ ಸುಮಾರು 50 ಭಾಷೆಗಳನ್ನು ನೋಡಿ, ಹೀಗೆ ವರ್ಣಿಸುವ ನಾಮಪದ ಯಾವ ಯಾವ ಖಾಲಿ ಜಾಗದಲ್ಲಿ ಕೂರಬಲ್ಲದು ಎಂಬುದಕ್ಕೆ ಒಂದು ಏಣಿ ಹಾಕಿದರು. ಮೊದಲ ಮೆಟ್ಟಿಲು ಕರ್ತೃ, ಆಮೇಲೆ ಕರ್ಮ, ಆಮೇಲೆ ನಮ್ಮ ‘ಇಗೆ’, ಅದರಾಚೆ ‘ಇಂದ’, ‘ಅಲ್ಲಿ’, ನಂತರ ಷಷ್ಠಿ, ಕೊನೆಗೆ ‘ಗಿಂತ’. ಮಡಗಾಸ್ಕರಿನ ಮಲಗಾಸಿ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ. ‘ಹೆಂಗಸು ತೊಳೆದ ಅಕ್ಕಿ’ ಎನ್ನಬೇಕಾದರೆ ಅಲ್ಲಿ ಮೊದಲು ಕರ್ಮಣಿ ಪ್ರಯೋಗ ಮಾಡಿ ಅಕ್ಕಿಯನ್ನೇ ಕರ್ತೃವಿನ ಜಾಗಕ್ಕೆ ತರಬೇಕು. ನಮ್ಮ ಕೃದಂತ ಷಷ್ಠಿಯವರೆಗೂ ಸಲೀಸಾಗಿ ಹೋಗುತ್ತದೆ: ‘ಗಾಳಿಗೆ ಹೆಂಚು ಹಾರಿಹೋದ ಮನೆ’. ನಿಲ್ಲುವುದು ‘ಗಿಂತ’ದಲ್ಲಿ. ‘ನಾನು ಎತ್ತರವಿರುವ ಹುಡುಗ’ ಎಂದರೆ ಯಾರಿಗೂ ಏನೂ ಹೊಳೆಯದು. ಅಲ್ಲಿ ‘ನಾನು ಯಾರಿಗಿಂತ ಎತ್ತರವೋ ಆ ಹುಡುಗ’ ಎನ್ನಲೇಬೇಕು.

ನೋಡಿ, ನೀವು ಹುಡುಕುತ್ತಿದ್ದ ‘ಜೋ’ ಇಲ್ಲಿ ಸಿಕ್ಕಿತು. ಸಂಸ್ಕೃತದ ಯತ್‌-ತತ್, ಹಿಂದಿಯ ಜೋ-ವೋ ಹೇಗೋ ಹಾಗೆ ನಮ್ಮದು ‘ಯಾ… ಓ… ಆ’. ‘ಯಾರು ಮೊದಲು ಹತ್ತುತ್ತಾರೋ ಅವರಿಗೆ ಸೀಟು’ ಎಂದು ಬಸ್‌ಸ್ಟ್ಯಾಂಡಿನಲ್ಲೂ ಕೇಳಿರುತ್ತೀರಿ. ಬೇಕಾದ ಕಡೆ ಅದು ಚೆಂದ. ಆದರೆ ಅನುವಾದಗಳಲ್ಲಿ ‘ಯಾವ ಹುಡುಗ ನಿನ್ನೆ ಬಂದನೋ ಅವನು’ ಎಂದು ಸಾಲುಸಾಲಾಗಿ ಬಂದಾಗ ನನಗೆ ಓದಲಾಗುವುದಿಲ್ಲ. ‘ನಿನ್ನೆ ಬಂದ ಹುಡುಗ’ ಎಂದರೆ ಮುಗಿಯಿತಲ್ಲ.

ನನ್ನ ತರಗತಿಯಲ್ಲಿ ತೊಂದರೆ ಇದರ ಉಲ್ಟಾ. ಮಕ್ಕಳು ‘ಯೆಸ್ಟರ್‌ಡೇ ಕಮ್ ಬಾಯ್’ ಎಂದು ಬರೆಯುತ್ತಾರೆ. ಮೊದಲೆಲ್ಲ ಕೆಂಪು ಗೆರೆ ಎಳೆಯುತ್ತಿದ್ದೆ. ಈಗ ಎಳೆಯುವುದಿಲ್ಲ, ಏಕೆಂದರೆ ಅದು ಪೂರ್ತಿ ಸರಿಯಾದ ಕನ್ನಡ. ಖಾಲಿ ಜಾಗ ಯಾರದ್ದು ಎಂದು ಕೇಳುತ್ತೇನೆ. ಬಂದವನು ಹುಡುಗ ಎನ್ನುತ್ತಾರೆ. ಹಾಗಾದರೆ ಹುಡುಗನನ್ನು ಮುಂದೆ ಇಡಿ, ಬೆನ್ನಿಗೆ ‘ಹೂ’ ಹಚ್ಚಿ ಎನ್ನುತ್ತೇನೆ.