“ನಾನೇ ಅವಳಿಗೆ ಹೀಗೆ ಮಾಡಿಬಿಟ್ಟೆ”

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ನನ್ನ ಹತ್ತಿರ ಸಲಹೆ ಕೇಳಿ ಬಂದವರು ಅರವತ್ತು ದಾಟಿದ ನಿವೃತ್ತ ಶಿಕ್ಷಕಿ. ಮನೆಯಲ್ಲಿ ಅವರು ಮತ್ತು 12 ವರ್ಷದ ನಾಟಿ ನಾಯಿ ಚಿನ್ನಿ, ಇಬ್ಬರೇ. ಚಿನ್ನಿಯ ಮೊಲೆಯಲ್ಲಿ ಗಡ್ಡೆ. ಎಕ್ಸ್‌ರೇ ತೆಗೆಸಿದಾಗ ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿತ್ತು.

“ಚಿಕ್ಕದಿದ್ದಾಗಲೇ ಮರಿಯಾಗದ ಆಪರೇಷನ್ ಮಾಡಿಸಿ ಅಂದಿದ್ರು. ಒಂದು ಸಲ ತಾಯಿಯಾಗಲಿ ಅಂತ ಬಿಟ್ಟೆ. ನಾನೇ ಅವಳಿಗೆ ಹೀಗೆ ಮಾಡಿಬಿಟ್ಟೆ.”

ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ. ಮೊದಲ ಸಲ ಬೆದೆಗೆ ಬರುವ ಮುಂಚೆಯೇ ಆ ಆಪರೇಷನ್ ಆದರೆ ಈ ಕಾಯಿಲೆ ತುಂಬಾ ಅಪರೂಪ, ನಿಜ. ಆದರೆ ಆಪರೇಷನ್ ಆಗದ ಎಲ್ಲ ಹೆಣ್ಣು ನಾಯಿಗಳಿಗೂ ಇದು ಬರುವುದಿಲ್ಲ. ಅಂದು ಅವರು ನಿರ್ಧರಿಸಿದ್ದು ಪ್ರೀತಿಯಿಂದಲೇ. ಅದನ್ನೇ ಹೇಳಿದೆ.

ನನ್ನನ್ನು ಕಾಡಿದ್ದು ಬೇರೆ. ಆ ತಪ್ಪಿತಸ್ಥ ಭಾವ ಅವರನ್ನು ದೊಡ್ಡ ಸರ್ಜರಿಯತ್ತ ತಳ್ಳುತ್ತಿತ್ತು. ಶ್ವಾಸಕೋಶಕ್ಕೆ ಹರಡಿದ ಮೇಲೆ ಗಡ್ಡೆ ತೆಗೆದರೂ ಸಾಮಾನ್ಯವಾಗಿ ಆಯಸ್ಸು ಹೆಚ್ಚುವುದಿಲ್ಲ. ಗಡ್ಡೆ ಒಡೆದು ಹುಣ್ಣಾಗಿ ನೋಯುತ್ತಿದ್ದರೆ ಆ ಮಾತು ಬೇರೆ. “ಮೇಡಂ, ಈ ಸರ್ಜರಿ ಚಿನ್ನಿಗೋ, ನಿಮ್ಮ ಮನಸ್ಸಿಗೋ?” ಅಂದೆ. ತುಂಬಾ ಹೊತ್ತು ಅತ್ತರು.

ಮಗನನ್ನೂ ಕರೆದುಕೊಂಡು ಪಶುವೈದ್ಯರ ಹತ್ತಿರ ಹೋಗಿ, ಪ್ರಶ್ನೆ ಬರೆದುಕೊಂಡೇ ಹೋಗಿ ಎಂದೆ. ಸರ್ಜರಿಯಿಂದ ಅವಳಿಗೆ ಏನು ಸಿಗುತ್ತದೆ? ಬೇಡವೆಂದರೆ ನೋವಿಗೆ ಯಾವ ಔಷಧಿ? ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಸುಮ್ನೆ ಕೊಟ್ಟುಬಿಡಬೇಡಿ, ನಾಯಿಗೆ ಅವು ವಿಷವಾಗಬಹುದು.

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಮಾಡಿದ, ಕಾಯಿಲೆಯ ಪ್ರಾಣಿಯ ಬದುಕು ಎಷ್ಟು ನೆಮ್ಮದಿಯಾಗಿದೆ ಎಂದು ಅಳೆಯುವ ಪಟ್ಟಿಯೊಂದನ್ನೂ ಕೊಟ್ಟೆ. ನೋವು ಮತ್ತು ಉಸಿರಾಟ, ಹಸಿವು, ನೀರು, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿ ಇದೆಯೇ ಎಂಬುದು. ಹೀಗೆ ಏಳಕ್ಕೂ ಹತ್ತರವರೆಗೆ ಅಂಕ. ಒಟ್ಟು 35ಕ್ಕಿಂತ ಹೆಚ್ಚಿದ್ದರೆ ಬದುಕು ಸಹ್ಯ. ವರ್ಷಗಟ್ಟಲೆ ಮಕ್ಕಳಿಗೆ ಅಂಕ ಹಾಕಿದ ಕೈ, ಇದು ಅವರಿಗೆ ಹಿಡಿಸಿತು.

“ದಯಾಮರಣದ ಇಂಜೆಕ್ಷನ್ ಕೊಡಿಸೋದು ಪಾಪ ಅಲ್ವಾ?” ಎಂದು ಕೊನೆಗೆ ಕೇಳಿದರು. ಪಾಪ-ಪುಣ್ಯ ಅವರ ನಂಬಿಕೆಗೆ ಬಿಟ್ಟದ್ದು. ನಾನು ಹೇಳಿದ್ದಿಷ್ಟು: ಮೊದಲು ಮಂಪರಿನ ಔಷಧಿ ಕೊಟ್ಟರೆ ಅವಳು ನಿದ್ದೆಗೆ ಜಾರುತ್ತಾಳೆ, ಹೃದಯ ನಿಲ್ಲಿಸುವ ಔಷಧಿ ಆಮೇಲೆ. ಆದರೆ ಅವಳು ಉಸಿರಿಗೆ ಒದ್ದಾಡುವವರೆಗೆ ಕಾಯಬೇಡಿ. ಯಾವ ಲಕ್ಷಣ ಕಂಡರೆ ಕರೆದೊಯ್ಯಬೇಕು ಎಂದು ವೈದ್ಯರನ್ನು ಕೇಳಿ, ಈಗಲೇ ಮಗನ ಜೊತೆ ಕೂತು ಬರೆದಿಡಿ.

ಚಿನ್ನಿ ಹೋದ ಮೇಲಿನ ವಾರ ಅಮ್ಮನ ಜೊತೆಗೇ ಇರಬೇಕೆಂದು ಮಗನಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ, ಅವರ ಒಪ್ಪಿಗೆ ಪಡೆದೇ.